ಮರದ ಸರಕ್ಕೆ ಅಂಟಿದ ಯೀಸ್ಟ್

ವಸಂತದಲ್ಲಿ ಬಂದ ಜ್ವರ ಹೋಗುವಾಗ ಶೂರ್‌ನ ಮೂಗಿನ ಶಕ್ತಿಯನ್ನೂ ಒಯ್ದಿತ್ತು. ಕಾಫಿಯೂ ಒಂದೇ, ಬಿಸಿನೀರೂ ಒಂದೇ. ಅವನ ಹೆಂಡತಿ ಗುನ್ವೋರ್ ತುಂಬು ಬಸುರಿ. ಅವಳಿಗೋ ಬೆಟ್ಟದಾಚೆಯ ಕುರಿಯ ವಾಸನೆಯೂ ತಿಳಿಯುತ್ತಿತ್ತು. ಅವರಿದ್ದ ವೊಸ್ ಸೀಮೆಯಲ್ಲಿ, ಹುಟ್ಟಿದ ಮಗುವನ್ನು ನೋಡಲು ಬಂದವರಿಗೆ ಮನೆಯಲ್ಲೇ ಮಾಡಿದ ಬಿಯರ್ ಕೊಡಬೇಕು, ಎರಡನೇ ಬಟ್ಟಲಿಗೇ ಮಂಡಿ ಸಡಿಲಾಗುವಂಥದ್ದು.

ಆದರೆ ಯಾವ ಯೀಸ್ಟ್ ಹಾಕುವುದು? ಶೂರ್‌ನ ಅಜ್ಜಿಯ ಕಾಲದ್ದು ಮರದ ತುಂಡುಗಳನ್ನು ಪೋಣಿಸಿ ತೊಲೆಗೆ ತೂಗುಹಾಕಿದ ಸರಕ್ಕೆ ಒಣಗಿ ಅಂಟಿಕೊಂಡಿತ್ತು. ಹೋದ ಕ್ರಿಸ್‌ಮಸ್‌ನಲ್ಲಿ ಅದು ಅರ್ಧಕ್ಕೇ ಸೋತು, ಬಿಯರು ಪಾನಕವಾಗಿ ಉಳಿದಿತ್ತು. ಗುನ್ವೋರ್‌ಳ ತಂದೆ ಆಸ್ಮುಂಡ್ ತಮ್ಮ ಮನೆಯದನ್ನು ಜಾಡಿಯಲ್ಲಿ ಕಳಿಸಿದ್ದರು. ಬಿಯರಿಗೆ ಎಷ್ಟೇ ಅಮಲೇರಿದರೂ ಈ ಯೀಸ್ಟ್ ಸಾಯುವುದಿಲ್ಲ ಎಂದು ಹೇಳಿಯೂ ಕಳಿಸಿದ್ದರು.

ಗುನ್ವೋರ್ ಎರಡನ್ನೂ ಮೂಸಿದಳು. ಜಾಡಿಯದು ಕುದುರೆ ಲಾಯ ಎಂದಳು. ಸರದ್ದನ್ನು ಮತ್ತೆ ಮತ್ತೆ ಮೂಸಿ, ಕಿತ್ತಳೆ ಸಿಪ್ಪೆ ಎಂದಳು.

"ಘಮ್ ಅನ್ನೋದು ಬೇರೆ, ದುಡಿಯೋದು ಬೇರೆ ಕಣೇ," ಅಂದ ಶೂರ್.

"ಹೋದ್ಸಲ ನೀನು ಬಾರ್ಲಿ ರಸ ತಣ್ಣಗಾದ್ಮೇಲೆ ಹಾಕ್ದೆ. ಪಾಪ, ಅದೇನ್ ಮಾಡುತ್ತೆ? ಆಗ ತಾನೆ ಕರೆದ ಹಾಲಿನಷ್ಟಾದ್ರೂ ಬೆಚ್ಚಗಿರ್ಬೇಕು."

ಘಮಘಮಿಸುವ ಜುನಿಪರ್ ಗಿಡದ ಕೊಂಬೆ ಹಾಕಿ ಕಾಯಿಸಿದ ನೀರಿನಲ್ಲಿ ಮೊಳಕೆ ಬಾರ್ಲಿ ನೆನೆಸಿ, ಜೇನಿನಂಥ ಸಿಹಿ ರಸ ಬಸಿದರು. ಎರಡು ಗಡಿಗೆಗಳಿಗೆ ಸುರಿದು, ಒಂದಕ್ಕೆ ಸರದಿಂದ ಕೆರೆದದ್ದನ್ನೂ ಇನ್ನೊಂದಕ್ಕೆ ಜಾಡಿಯದನ್ನೂ ಹಾಕಿ, ಕಂಬಳಿ ಹೊದಿಸಿದರು. ಹೊರಗೆ ಹಿಮ ಸದ್ದಿಲ್ಲದೆ ಇಳಿಯುತ್ತಿತ್ತು. ಒಲೆಯ ಬಿಸಿಗೆ ಗುನ್ವೋರ್‌ಗೆ ಜೊಂಪು ಹತ್ತಿತು. ಕನಸಿನಲ್ಲಿ ಬೆಟ್ಟಗಳ ನಡುವೆ ಒಳಚಾಚಿದ ಫ್ಯೋರ್ಡಿನ ಕಡಲ ನೀರೆಲ್ಲ ನೊರೆಯಾಗಿತ್ತು; ಅದರ ಮೇಲೆ ಯಾರೋ ಬರಿಗಾಲಲ್ಲಿ ನಿಧಾನವಾಗಿ ನಡೆದು ಬರುತ್ತಿದ್ದರು.

ಕಣ್ಣು ಬಿಟ್ಟರೆ ಶೂರ್ ಗಡಿಗೆಗೆ ಕಿವಿ ಕೊಟ್ಟು ಕೂತಿದ್ದ. ಮೂಗಿಲ್ಲದ ಮೇಲೆ ಕಿವಿಯಿಂದಲೇ ಕೆಲಸವಾಗಬೇಕಲ್ಲ. ಜಾಡಿಯದು ಧೋ ಎನ್ನುತ್ತಿದೆ, ಸರದ್ದು ಪಿಸುಗುಡುತ್ತಿದೆ ಎಂದ. ಆಮೇಲೆ ಕಿವಿಯನ್ನು ಅವಳ ಹೊಟ್ಟೆಗಿಟ್ಟ.

"ಅಲ್ಲೂ ಹುಳಿ ಬರ್ತಿದ್ಯಾ?" ಎಂದು ಅವಳು ಅವನ ಕೂದಲು ಜಗ್ಗಿದಳು.

ಕೆಲವು ದಿನಗಳಲ್ಲಿ ಜಾಡಿಯದರ ಅಬ್ಬರ ಅಡಗಿತು. ರುಚಿ ನೋಡಿದರೆ ಇನ್ನೂ ಸಿಹಿ, ಅಮಲು ಏರಿಲ್ಲ. ಸರದ್ದು ಮಾತ್ರ ಪಿಸುಗುಡುತ್ತಲೇ ಇತ್ತು. ನಾಲಿಗೆಗಿಟ್ಟರೆ ಸಿಹಿ ಕಳೆದು ಗಂಟಲಲ್ಲಿ ಬೆಂಕಿ. ಶೂರ್‌ಗೆ ಖುಷಿಯಾದರೂ ಮಾವನ ನೆನಪಾಗಿ ಮುಖ ಬಾಡಿತು.

"ನಿಮ್ಮಪ್ಪಂಗೆ ಏನ್ ಹೇಳೋದು?"

"ಏನೂ ಹೇಳ್ಬೇಡ. ಅವ್ರು ಬಟ್ಟಲು ನೋಡ್ತಾರೆ, ಗಡಿಗೆ ನೋಡಲ್ಲ."

ಹೊಸ ರಸವನ್ನು ದೊಡ್ಡ ಪೀಪಾಯಿಗೆ ತುಂಬಿ, ಬೆಚ್ಚಗಿರುವಾಗಲೇ ಸರದ ಯೀಸ್ಟ್ ಹಾಕಿದರು. ಹಾಕುವಾಗ ಗಟ್ಟಿಯಾಗಿ ಕೂಗಬೇಕು, ಇಲ್ಲವಾದರೆ ಬಿಯರಿಗೆ ಕಸುವು ಬರುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. ಇಬ್ಬರೂ ಕೂಗಿದರು. ಎದುರು ಬೆಟ್ಟ ಮೆಲ್ಲಗೆ ಮರುದನಿ ಕೊಟ್ಟಿತು.

ಬಿಯರು ಹದಕ್ಕೆ ಬಂದ ವಾರವೇ ಮಗಳು ಹುಟ್ಟಿದಳು. ನೋಡಲು ಬಂದವರು ಮೊದಲು ಜೋರಾಗಿ ಮಾತಾಡಿದರು, ಬಟ್ಟಲುಗಳು ಬರಿದಾದಂತೆ ಮೆಲ್ಲಗೆ. ಆಸ್ಮುಂಡ್ ಎತ್ತಿದ ಹಾಡು ಅರ್ಧದಲ್ಲೇ ನಿಂತಿತು. ಚಳಿಗಾಲದ ಮಧ್ಯಾಹ್ನಕ್ಕೇ ಮಬ್ಬಾಗುವ ನೀಲಿ ಬೆಳಕಿನಲ್ಲಿ ಬೆಂಚಿನ ಮೇಲಿದ್ದವರು, ನೆಲದ ಮೇಲಿದ್ದವರು, ಬಾಗಿಲಿಗೊರಗಿದ್ದವರು ಎಲ್ಲರೂ ನಿದ್ದೆಹೋಗಿದ್ದರು. ತೊಟ್ಟಿಲಲ್ಲಿ ಮಗುವೊಂದೇ ಕಣ್ಣು ಬಿಟ್ಟುಕೊಂಡು, ಕಿಟಕಿಯಾಚೆ ಇಳಿಯುವ ಹಿಮದ ಕಡೆ ಮುಖ ಮಾಡಿತ್ತು.