ಪ್ರಯೋಗ, ಬಳಕೆ, ವ್ಯಯ

ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು. ಎದ್ದು ಬಕೆಟ್ ಇಟ್ಟೆ. ತುಂಬಿತು. ಇನ್ನೊಂದು ಇಟ್ಟೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸಾಕು ಬಿಡು, ಇಬ್ಬರಿಗೆ ಎಷ್ಟು ಬೇಕು?" ಎಂದರು. ಬಾಯಿಂದ ಬಂದದ್ದು ಆಮೇಲೆ ಅವರ ಕಿವಿಗೇ ಬಿದ್ದಿರಬೇಕು. ಒಳಗೆ ಹೋಗಿ ಪಾತ್ರೆಗಳನ್ನು ಸುಮ್ಮನೆ ಎತ್ತಿ ಇಟ್ಟು ಸದ್ದು ಮಾಡಿದರು.

ಅಂಚೆಯವನು ಬಂದ. ರಜೆ ಮುಗಿಸಿ ಅಂದೇ ಕೆಲಸಕ್ಕೆ ಹಾಜರಾಗಿದ್ದವನಿಗೆ ಸುದ್ದಿ ತಿಳಿದಿರಲಿಲ್ಲ.

"ಏನಕ್ಕ, ಸಾಹೇಬ್ರು ಇನ್ನೂ ಎದ್ದಿಲ್ವಾ? ಸೇನೆಯವರದ್ದು ಪ್ರೇಮಪತ್ರ ಬಂದಿದೆ. ರಿಜಿಸ್ಟರ್ಡು. ಅವರೇ ಸೈನ್ ಹಾಕ್ಬೇಕು."

"ಅವರಿಲ್ಲ."

"ಇಷ್ಟು ಬೇಗ ಆಫೀಸಿಗೆ ಹೊರಟ್ರಾ?"

"ತೀರ್ಕೊಂಡ್ರು."

ಅವನು ಲಕೋಟೆ ನೋಡಿದ, ನನ್ನನ್ನು ನೋಡಿದ, ಟೋಪಿ ತೆಗೆಯಬೇಕೋ ಬೇಡವೋ ಎಂದು ತಲೆಯ ಮೇಲೆ ಕೈಯಿಟ್ಟುಕೊಂಡು ನಿಂತ. ಕೊನೆಗೆ ಪೆನ್ನು ಚಾಚಿದ.

"ಅವರ ಹೆಸರೇ ಬರೆದುಬಿಡಿ ಅಕ್ಕ. ಇಲ್ಲಾಂದ್ರೆ ವಾಪಸ್ ಕಳಿಸ್ಬೇಕು. ವಾಪಸ್ ಕಳಿಸಿದ್ರೆ ಕಾರಣ ಬರೀಬೇಕು. ನಾನು ಹೇಗೆ ಬರೀಲಿ?"

ಬರೆದೆ.

ನನ್ನ ಗಂಡ ಊರಿನ ಪತ್ರಿಕೆಯ ವರದಿಗಾರರು. ಊರಾಚೆ ಗುಡ್ಡವಿದೆ, ಗುಡ್ಡದ ಮೇಲೆ ಸೇನೆಯ ಶಿಬಿರ, ಕೆಳಗೆ ಕಲ್ಲಿನ ಕ್ವಾರಿ, ಕ್ವಾರಿಯ ಪಕ್ಕದಲ್ಲಿ ಕೆಲಸಗಾರರ ಸಾಲುಮನೆಗಳು. ಬೇಸಿಗೆಯಲ್ಲಿ ಒಂದು ಸಂಜೆ ಆ ಮನೆಗಳ ಮೇಲೆ ಬಿಳಿ ಹೊಗೆ ಇಳಿಯಿತು. ಹೊಗೆಯ ಜೊತೆ ಕಿಡಿಗಳು ಬಿದ್ದವು. ಮಕ್ಕಳು ಸುಟ್ಟುಕೊಂಡರು. ನೀರು ಹಾಕಿದರೆ ಆರುತ್ತಿತ್ತು, ಒಣಗಿದರೆ ಗಾಯ ಮತ್ತೆ ಹೊಗೆಯಾಡುತ್ತಿತ್ತು. ಸೇನೆ ಹೇಳಿಕೆ ಕೊಟ್ಟಿತು: ಅದು ಹೊಗೆ ಮಾತ್ರ, ನಿರಪಾಯಕಾರಿ.

ನಮ್ಮವರು ಮಾಹಿತಿ ಕೇಳಿ ಅರ್ಜಿ ಹಾಕಿದರು. "ಸದರಿ ಸಂಜೆ ಕ್ವಾರಿ ವಸತಿಯ ಮೇಲೆ ಯಾವ ಅಸ್ತ್ರವನ್ನು ಪ್ರಯೋಗಿಸಲಾಯಿತು?" ಪತ್ರಿಕೆಯವರ ಭಾಷೆ ಅದು. ಲಾಠಿ ಪ್ರಯೋಗ, ಅಶ್ರುವಾಯು ಪ್ರಯೋಗ ಎಂದು ಬರೆದು ಬರೆದು ಅವರ ಕೈ ಹಾಗೇ ಓಡುತ್ತಿತ್ತು. ಉತ್ತರ ಬಂತು: "ಈ ಘಟಕದಲ್ಲಿ ಯಾವುದೇ ಪ್ರಯೋಗಗಳನ್ನು ನಡೆಸಲಾಗುವುದಿಲ್ಲ. ಪ್ರಯೋಗಗಳಿಗಾಗಿ ಸಂಶೋಧನಾ ವಿಭಾಗವನ್ನು ಸಂಪರ್ಕಿಸತಕ್ಕದ್ದು."

ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನು ಕಚೇರಿಯ ಗೋಡೆಗೆ ಅಂಟಿಸಿದರು. ಮತ್ತೆ ಬರೆದರು, ಈ ಸಲ "ಬಳಕೆ" ಎಂದು. ಆ ತಿಂಗಳು ಶಿಬಿರದಲ್ಲಿ ಬಳಕೆಯಾದ ವಿದ್ಯುತ್ತು, ಡೀಸೆಲ್, ಸೋಪು, ಇವುಗಳ ಪಟ್ಟಿ ಬಂತು.

"ಸೋಪಿನ ಲೆಕ್ಕ ಆದ್ರೂ ಕೊಟ್ರಲ್ಲೋ," ಎಂದರು ಅತ್ತೆ. "ಕೈ ತೊಳ್ಕೊಳ್ಳೋದು ಅವರಿಗೆ ಚೆನ್ನಾಗಿ ಗೊತ್ತು."

ಇವರು ಮೇಲ್ಮನವಿ ಹಾಕಿದರು. ವಿಚಾರಣೆಗೆ ಕರೆಯುವುದರೊಳಗೆ ಒಂದು ಚೂರಾದರೂ ಕೈಯಲ್ಲಿರಲಿ, ಮೇಜಿನ ಮೇಲಿಟ್ಟು ಇದೇನು ಎಂದು ಕೇಳುತ್ತೇನೆ ಎಂದು ಕ್ವಾರಿಯ ಹತ್ತಿರ ಅಗೆಯಲು ಹೋಗುತ್ತಿದ್ದರು. ಒಂದು ದಿನ ಮಣ್ಣಿನೊಳಗೆ ಗಟ್ಟಿಯಾಗಿ ಕುಳಿತಿದ್ದ ಒಂದು ಕರಿ ಮುದ್ದೆ ಹಾರೆ ತಾಗಿ ಒಡೆಯಿತು. ಗಾಳಿ ಸೋಕಿದ ಕೂಡಲೆ ಉರಿಯಿತು. ಜಲ್ಲಿ ಲಾರಿಯಲ್ಲಿ ಆಸ್ಪತ್ರೆಗೆ ತಂದರು.

ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒದ್ದೆ ಬಟ್ಟೆ ಒಣಗದಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಡಾಕ್ಟರು ಶಿಬಿರಕ್ಕೆ ಫೋನ್ ಮಾಡುತ್ತಲೇ ಇದ್ದರು. "ಏನು ಬಿದ್ದಿದ್ದು ಅಂತ ಒಂದು ಮಾತು ಹೇಳಿದ್ರೆ ಸಾಕಮ್ಮ. ಊಹೆ ಮೇಲೆ ಔಷಧಿ ಕೊಡ್ತಾ ಇದ್ದೀನಿ." ಆ ಒಂದು ಮಾತು ಬರಲಿಲ್ಲ. ಮರಣ ಪ್ರಮಾಣಪತ್ರದಲ್ಲಿ "ಆಕಸ್ಮಿಕ ಬೆಂಕಿ" ಎಂದು ಬರೆದರು.

ಅಂಚೆಯವನು ಕೊಟ್ಟದ್ದು ವಿಚಾರಣೆಯ ನೋಟಿಸು. ಅರ್ಜಿದಾರರು ಖುದ್ದು ಹಾಜರಾಗತಕ್ಕದ್ದು.

"ಹೋಗ್ತೀಯಾ?" ಎಂದರು ಅತ್ತೆ.

ಹೋಗಬೇಕಿತ್ತು. ಕ್ವಾರಿಯ ಜನ ಹೊಗೆ ಇಳಿದ ಸಂಜೆಯಿಂದ ಒಂದು ಶಾಲೆಯಲ್ಲಿ ಮಲಗುತ್ತಿದ್ದರು. ಶಾಲೆ ತೆರೆಯುವ ಕಾಲ ಹತ್ತಿರವಾಗಿತ್ತು. ಮಕ್ಕಳುಮರಿಗಳ ಜೊತೆ ಅದೇ ನೆಲಕ್ಕೆ ಮರಳಬೇಕು. ಆ ನೆಲದಲ್ಲಿ ಇನ್ನೆಷ್ಟು ಮುದ್ದೆಗಳಿವೆಯೋ. ಬಂದು ತೆಗೆಸಿ ಎಂದರೆ ಜಿಲ್ಲಾ ಕಚೇರಿಯವರದು ಒಂದೇ ಮಾತು: ಏನು ಬಿದ್ದಿದೆ ಎಂದು ಸೇನೆ ಹೇಳಲಿ, ಆಮೇಲೆ ತಂಡ ಕಳಿಸುತ್ತೇವೆ. ನನ್ನ ಗಂಡನಿಗೆ ಬೇಕಿದ್ದದ್ದು ಅದೇ ಮಾತು. ಈಗ ನನಗೂ ಅದೇ ಬೇಕಿತ್ತು. ಬೇರೆ ಏನು ಬೇಕೆಂದು ಯೋಚಿಸುವ ಶಕ್ತಿ ಇರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ದೊಡ್ಡ ಮೇಜಿತ್ತು. ಮೇಜಿನ ಗಾಜಿನ ಕೆಳಗೆ ಯಾರದೋ ಮೊಮ್ಮಗುವಿನ ಫೋಟೊ ಇತ್ತು. ಮೇಲ್ಮನವಿ ಅಧಿಕಾರಿ ವಯಸ್ಸಾದವರು, ಮೆತ್ತಗಿನ ದನಿಯವರು. ಪಕ್ಕದಲ್ಲಿ ಸೇನೆಯ ಪರವಾಗಿ ಬಂದ ಕ್ಯಾಪ್ಟನ್. ನನ್ನ ವಯಸ್ಸಿನವನೇ ಇರಬೇಕು.

"ಅರ್ಜಿದಾರರು?"

"ನಾನು ಅವರ ಹೆಂಡತಿ."

"ಖುದ್ದಾಗಿ ಬರ್ಬೇಕು ಅಂತ ನೋಟಿಸಲ್ಲಿ ಇದೆಯಲ್ಲಮ್ಮ."

ಮರಣ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟೆ. ಓದಿದರು. ಕನ್ನಡಕ ತೆಗೆದರು.

"ಛೆ ಛೆ. ಸಾಯೋ ವಯಸ್ಸಲ್ಲ." ಮತ್ತೆ ಕನ್ನಡಕ ಹಾಕಿಕೊಂಡರು. "ಹಾಗಾದ್ರೆ ಮೇಲ್ಮನವಿ ಮುಕ್ತಾಯ ಅಂತ ಬರ್ಕೋತೀನಿ."

"ಅವರು ಏನು ಅಂತ ಕೇಳಿದ್ರೋ ಅದರಿಂದಲೇ ಸತ್ತಿದ್ದು."

"ಇಲ್ಲಿ ಆಕಸ್ಮಿಕ ಬೆಂಕಿ ಅಂತಿದೆ."

"ಯಾವ ಬೆಂಕಿ ಅಂತ ಕೇಳೋದಕ್ಕೇ ಈ ಅರ್ಜಿ."

"ಅರ್ಜಿ ಎಲ್ಲಿದೆಯಮ್ಮ ಈಗ? ಅರ್ಜಿದಾರರೇ ಇಲ್ಲವಲ್ಲ." ಅವರ ದನಿಯಲ್ಲಿ ನಿಜಕ್ಕೂ ಮರುಕವಿತ್ತು. ಅದನ್ನೇ ನನ್ನಿಂದ ತಡೆಯಲಾಗಲಿಲ್ಲ.

ಕ್ಯಾಪ್ಟನ್ ಕಡತ ತಿರುವುತ್ತಿದ್ದ. "ಮೇಡಂ, ಬೇಜಾರು ಮಾಡ್ಕೋಬೇಡಿ. ನಿಮ್ಮೆಜಮಾನ್ರು ಕೇಳಿದ ರೀತಿನೇ ಸರಿ ಇರ್ಲಿಲ್ಲ. ಪ್ರಯೋಗ ಅಂದ್ರೆ ಏನರ್ಥ? ನಾವೇನು ಇಲಿ ಹಿಡ್ಕೊಂಡು ಕೂತಿದೀವಾ? ಆಮೇಲೆ ನೋಡಿದ್ರೆ, ಬಳಕೆ ಅಂತೆ. ಬಳಸೋದಕ್ಕೆ ಅದೇನು ಬಾಚಣಿಗೆನಾ?"

ಅವನು ಕುಹಕಕ್ಕೆ ಹೇಳಿದ್ದಲ್ಲ. ತಪ್ಪು ಪದ ಕೇಳಿದರೆ ಮೈ ಉರಿಯುವ ಜಾತಿಯ ಮನುಷ್ಯ. ನಾನು ಕಾಲೇಜಿನಲ್ಲಿ ವ್ಯಾಕರಣ ಪಾಠ ಮಾಡುವವಳು. ಆ ಜಾತಿ ನನಗೆ ಗೊತ್ತು. ತರಗತಿಯಲ್ಲಿ ಕೇಳುವ ಹಾಗೆ ಕೇಳಿದೆ.

"ಮತ್ತೆ ಸರಿಯಾದ ಪದ ಯಾವುದು? ಗುಂಡು ಹಾರಿಸಿ ಬಂದ್ಮೇಲೆ ಉಗ್ರಾಣದವರಿಗೆ ಏನಂತ ಬರೆದು ಕೊಡ್ತೀರಿ?"

"ವ್ಯಯ," ಎಂದ ತಟ್ಟನೆ. "ಇಷ್ಟು ಬಂತು, ಇಷ್ಟು ವ್ಯಯ, ಇಷ್ಟು ಶೇಷ."

ಅಧಿಕಾರಿ ಕೆಮ್ಮಿದರು. ಕ್ಯಾಪ್ಟನ್ ಕಡತ ಮುಚ್ಚಿದ. ಸರಿಯುತ್ತರ ಹೇಳಿ ಬೈಸಿಕೊಂಡ ಹುಡುಗನ ಮುಖ.

ಹೊರಗೆ ಬಂದು ಮೊಗಸಾಲೆಯ ಬೆಂಚಿನ ಮೇಲೆ ಕುಳಿತು ನನ್ನ ಹೆಸರಿನಲ್ಲೇ ಹೊಸ ಅರ್ಜಿ ಬರೆದೆ. ಸದರಿ ಸಂಜೆ ಯಾವ ಮದ್ದುಗುಂಡುಗಳನ್ನು ಎಲ್ಲಿ ವ್ಯಯ ಮಾಡಲಾಯಿತು? ಮೊದಲಿಗೊಂದು "ಅ" ಸೇರಿಸಿದರೆ ಅವ್ಯಯ. ಲಿಂಗ, ವಚನ, ವಿಭಕ್ತಿ ಯಾವುದರಿಂದಲೂ ಬದಲಾಗದ ಪದ. ಪ್ರತಿ ವರ್ಷ ಹೇಳಿಕೊಡುತ್ತೇನೆ, ಉದಾಹರಣೆ ಸಹಿತ. ನಗು ಬಂತು. ಗುಮಾಸ್ತ ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ.

ಉತ್ತರ ಬೇಗ ಬಂತು. ಅತ್ತೆ ಕೈ ಒರೆಸಿಕೊಂಡು ಎದುರು ಕುಳಿತರು. "ಜೋರಾಗಿ ಓದು."

"ಸದರಿ ದಿನ ಬಿಳಿ ರಂಜಕ ಹೊಂದಿದ ಹೊಗೆಗುಂಡುಗಳನ್ನು ತರಬೇತಿ ವಲಯದ ಉತ್ತರ ಭಾಗದಲ್ಲಿ ವ್ಯಯ ಮಾಡಲಾಗಿರುತ್ತದೆ."

"ರಂಜಕ ಅಂದ್ರೆ?"

"ಅದೇ. ಗಾಳಿ ತಾಗಿದ್ರೆ ಉರಿಯೋದು."

"ಒಪ್ಕೊಂಡ್ರಾ ಹಾಗಾದ್ರೆ?"

"ಒಪ್ಕೊಂಡ್ರು."

"ಇಷ್ಟೇ ಅಲ್ವಾ ಅವನು ಕೇಳಿದ್ದು," ಎಂದರು ಅತ್ತೆ. "ಇದನ್ನ ಹೇಳೋದಕ್ಕೆ ಇವರಿಗೆ ಏನಾಗಿತ್ತು ದೊಡ್ಡ ರೋಗ?" ಆಮೇಲೆ ಅತ್ತರು. ನನಗೆ ಅಳು ಬರಲಿಲ್ಲ. ಹೊಟ್ಟೆ ಹಸಿಯಿತು. ಎಷ್ಟೋ ದಿನದ ಮೇಲೆ.

ಅದರ ಕೆಳಗೆ ಇನ್ನೊಂದು ಸಾಲಿತ್ತು. "ಸದರಿ ವಲಯದಲ್ಲಿ ಅಧಿಕೃತ ಜನವಸತಿ ಇರುವುದಿಲ್ಲ." ಅದನ್ನೂ ಓದಿದೆ. ಓದಿ ಮುಂದೆ ಹೋದೆ.

ಮರುದಿನವೇ ಜಿಲ್ಲಾ ಕಚೇರಿಗೆ ಹೋಗಿ ಉತ್ತರದ ಪ್ರತಿ ಇಟ್ಟು ಮನವಿ ಬರೆದುಕೊಟ್ಟೆ. ಮದ್ದುಗುಂಡು ತೆಗೆಯುವ ವಿಭಾಗದ ಬಾಗಿಲ ಮೇಲೆ ಏನು ಬರೆದಿತ್ತೋ ಅದೇ ಪದ ಹಾಕಿದೆ. ಪದದ ವಿಷಯದಲ್ಲಿ ಇನ್ನು ಎಡವುವುದು ಬೇಡ ಎಂದು. "ಸದರಿ ಸ್ಥಳದಲ್ಲಿ ತುರ್ತಾಗಿ ತೆರವು ಕಾರ್ಯ ಕೈಗೊಳ್ಳಬೇಕೆಂದು ಕೋರಿಕೆ." ಗುಮಾಸ್ತ ಮೊಹರು ಒತ್ತಿದ. "ಆಗುತ್ತೆ ಮೇಡಂ. ಈಗ ದಾಖಲೆ ಇದೆಯಲ್ಲ," ಎಂದ.

ಆಯಿತು. ಆ ವಾರ ಕ್ವಾರಿಯಿಂದ ಫೋನ್ ಬಂತು. ದೊಡ್ಡಕ್ಕ ಎಂದು ಎಲ್ಲರೂ ಕರೆಯುವ ಹೆಂಗಸು. ಅವರ ಮೊಮ್ಮಗಳ ಕಾಲು ಸುಟ್ಟಿತ್ತು. ನನ್ನ ಗಂಡನನ್ನು ಲಾರಿಗೆ ಎತ್ತಿ ಹಾಕಿದವರಲ್ಲಿ ಇವರೂ ಒಬ್ಬರು.

"ಅಮ್ಮ, ನಮ್ಮ ಬಾಗಿಲಿಗೆಲ್ಲ ಚೀಟಿ ಅಂಟ್ಸಿದ್ದಾರೆ. ತೆರವು ಅಂತೆ. ಮನೆ ಖಾಲಿ ಮಾಡ್ಬೇಕಂತೆ. ಇದು ಸೇನೆ ಜಾಗ, ನಾವೇ ಬಂದು ಸೇರ್ಕೊಂಡಿದ್ದು ಅಂತಾರೆ. ನಮ್ಮತ್ತೆ ಇಲ್ಲೇ ಜಲ್ಲಿ ಒಡೆದು ಮುದುಕಿಯಾದ್ರು, ಅವರೂ ಕಳ್ಳರೇ ಹಾಗಾದ್ರೆ?" ಆಮೇಲೆ ದನಿ ತಗ್ಗಿಸಿ, "ಚೀಟಿ ಮೇಲೆ ನಿಮ್ಮ ಹೆಸರು ಇದೆ ಅಂತ ಹುಡುಗರು ಓದಿ ಹೇಳಿದ್ರು. ನಾನು ಇರಲಾರದು ಅಂದೆ."

ಇತ್ತು. "ಉಲ್ಲೇಖ" ಎಂಬ ಪದದ ಮುಂದೆ ನನ್ನ ಹೆಸರು, ನನ್ನ ಮನವಿಯ ದಿನಾಂಕ.

ಜಿಲ್ಲಾ ಕಚೇರಿಗೆ ಓಡಿದೆ. ಅದೇ ಗುಮಾಸ್ತ.

"ನೀವೇ ತೆರವು ಕೇಳಿದ್ರಲ್ಲ ಮೇಡಂ."

"ನೆಲದಲ್ಲಿರೋ ಗುಂಡು ತೆಗೀರಿ ಅಂದೆ. ಜನರನ್ನಲ್ಲ."

"ಸೇನೆಯವರ ಉತ್ತರ ನೀವೇ ಲಗತ್ತಿಸಿದ್ದೀರಿ. ಅಲ್ಲಿ ಜನವಸತಿ ಇಲ್ಲ ಅಂತಿದೆ. ಇದ್ದವರು ಒತ್ತುವರಿದಾರರು. ಒತ್ತುವರಿ ಅಂದ್ರೆ ತೆರವು." ಕೈ ಮುಗಿಯುವಂತೆ ಎರಡೂ ಅಂಗೈ ಜೋಡಿಸಿದ. "ಜನ ಹೋದ್ಮೇಲೆ ನೆಲದಲ್ಲಿ ಏನಿದ್ರೆ ಯಾರಿಗೇನು ಹೇಳಿ? ಅದೂ ಪರಿಹಾರ ಆದಹಾಗೇ ಆಯ್ತು."

ಸೇನೆಯವರ ಆ ಎರಡನೆಯ ಸಾಲಿನ ಮೇಲೆ ಮೇಲ್ಮನವಿ ಹಾಕಿದ್ದೇನೆ. ವಸತಿ ಎಂದರೇನು, ಅಧಿಕೃತ ಎಂದರೇನು ಎಂದು ಕೇಳಿದ್ದೇನೆ. ವಿಚಾರಣೆಯ ದಿನ ಗೊತ್ತಾಗಿಲ್ಲ. ತೆರವಿನ ದಿನ ಆಗಲೇ ಗೊತ್ತಾಗಿತ್ತು.

ದೊಡ್ಡಕ್ಕನ ಎರಡನೆಯ ಫೋನ್ ತೆರವಿನ ಹಿಂದಿನ ದಿನ ಬಂತು.

"ಅಮ್ಮ, ಕೇಳ್ಬಾರ್ದು, ಆದ್ರೂ ಕೇಳ್ತೀನಿ. ಪೇಪರಣ್ಣ ನಮ್ಮ ಹಾರೆ ಇಸ್ಕೊಂಡಿದ್ರು. ಸ್ಕೂಟರಿಗೆ ಕಟ್ಕೊಂಡು ಓಡಾಡೋರು. ನಿಮ್ಮನೇಲಿ ಇದ್ರೆ ಬೇಕಿತ್ತು. ಬಾಗಿಲ ಚೌಕಟ್ಟು ಕಿತ್ಕೋಬೇಕು. ಮರ ಗಟ್ಟಿ ಇದೆ, ಬುಲ್ಡೋಜರ್ ಬಂದ್ರೆ ಪುಡಿ ಮಾಡಿಬಿಡುತ್ತೆ."

ಸ್ಕೂಟರನ್ನು ಪತ್ರಿಕೆಯವರು ಕ್ವಾರಿಯಿಂದ ತಂದು, ಅಲ್ಲಿ ಬಿದ್ದಿದ್ದ ಹಾರೆಯನ್ನೂ ಇವರ ಹಗ್ಗದಲ್ಲೇ ಬಿಗಿದು, ಮೆಟ್ಟಿಲ ಕೆಳಗೆ ನಿಲ್ಲಿಸಿ ಹೋಗಿದ್ದರು. ನಾನು ಆ ಕಡೆ ನೋಡಿರಲಿಲ್ಲ. ಸೀಟಿನ ಪಕ್ಕದಲ್ಲಿ ಹಾರೆ ಇನ್ನೂ ಹಾಗೇ ಇತ್ತು. ಗಂಟು ಬಿಚ್ಚಲಾಗಲಿಲ್ಲ. ಅತ್ತೆ ಚಾಕು ತಂದು ಕತ್ತರಿಸಿ, ಹಗ್ಗದ ತುಂಡುಗಳನ್ನು ತಮ್ಮ ಸೆರಗಿನಲ್ಲಿ ಹಾಕಿಕೊಂಡರು.

ಬಸ್ಸಿನಲ್ಲಿ ಕಂಡಕ್ಟರ್ ಹಾರೆಯನ್ನೂ ನನ್ನನ್ನೂ ನೋಡಿದ. "ಏನಮ್ಮ, ಯಾರ ಮನೆ ಕನ್ನಕ್ಕೆ?" ಎಂದ. ಪಕ್ಕದವರು ನಕ್ಕರು. ನಾನು ಕಾಲಿನ ಕೆಳಗೆ ಇಟ್ಟುಕೊಂಡು ಕುಳಿತೆ.

ಕ್ವಾರಿಯಲ್ಲಿ ಅಷ್ಟರಲ್ಲೇ ತಗಡುಗಳು ಇಳಿದಿದ್ದವು. ಚಾವಣಿಯಿಲ್ಲದ ಸಾಲುಗೋಡೆಗಳ ನಡುವೆ ಪಾತ್ರೆ, ಹಾಸಿಗೆ, ಕೋಳಿಪಂಜರ. ಯಾರೂ ನನ್ನನ್ನು ಬೈಯಲಿಲ್ಲ. ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು, ಅಷ್ಟೇ. ಮೊಮ್ಮಗಳನ್ನು ತಲೆಕೆಳಗಾಗಿಸಿದ ಡ್ರಮ್ಮಿನ ಮೇಲೆ ಕೂರಿಸಿದ್ದರು, ಕಾಲು ನೆಲಕ್ಕೆ ತಾಗದ ಹಾಗೆ.

ದೊಡ್ಡಕ್ಕ ಬಂದರು. ನಾನು ಹಾರೆ ಚಾಚಿದೆ.

"ತಡವಾಯ್ತು," ಎಂದೆ.

"ತಂದ್ರಲ್ಲ, ಬಿಡಿ." ಹಾರೆಯನ್ನು ಎರಡೂ ಕೈಯಲ್ಲಿ ತೂಗಿ ನೋಡಿದರು. ತುದಿಯ ಮೇಲೆ ಬೆರಳಾಡಿಸಿದರು. "ಮೊಂಡು ಮಾಡಿಟ್ಟಿದ್ದಾರೆ ನೋಡಿ ಪೇಪರಣ್ಣ. ಬರೆಯೋ ಕೈ, ಅಗೆಯೋಕೆ ಎಲ್ಲಿ ಬರುತ್ತೆ."

"ಜೋಪಾನ ದೊಡ್ಡಕ್ಕ. ನೆಲಕ್ಕೆ ಹಾಕಬೇಡಿ."

"ನೆಲದ ಸುದ್ದಿಗೆ ಯಾರು ಹೋಗ್ತಾರೆ. ಗೋಡೆಗೆ ಮಾತ್ರ."

ಚೌಕಟ್ಟಿಗೂ ಗೋಡೆಗೂ ನಡುವಿನ ಬಿರುಕು ಹುಡುಕಿ ಹಾರೆಯ ತುದಿ ತೂರಿಸಿದರು. ತಿರುಗಿ ನನ್ನನ್ನು ನೋಡಿದರು.

"ಸ್ವಲ್ಪ ಆಚೆ ನಿಂತ್ಕೊಳ್ಳಿ ಅಮ್ಮ. ಮೇಲೆ ಬೀಳುತ್ತೆ."

ಆಚೆ ನಿಂತುಕೊಂಡೆ.