ಬಿಲ್ ನಂಬರ್ ಒಂದು

ಸರ್ಕಾರದ ಹೊಸ ವರ್ಷ ಏಪ್ರಿಲ್‌ನಲ್ಲಿ ಬರುತ್ತದೆ. ಓಧವಜಿಯ ಹೊಸ ವರ್ಷ ಬರುತ್ತಿದ್ದದ್ದು ದೀಪಾವಳಿ ಕಳೆದು ಲಾಭಪಂಚಮಿಯ ಬೆಳಿಗ್ಗೆ, ಕುಲುಮೆಯ ಬಾಗಿಲಿಗೆ ತೋರಣ ಕಟ್ಟಿದ ಮೇಲೆ. ಹೊಸ ಬಿಲ್ ಪುಸ್ತಕಕ್ಕೆ ಕುಂಕುಮದ ಸ್ವಸ್ತಿಕ ಹಾಕಿ, ಮೊದಲ ಹಾಳೆಯಲ್ಲಿ ಗೆಳೆಯ ವಲ್ಲಭಜಿಯ ಹೆಸರು ಬರೆದು, ಐದು ಕಿಲೋ ಹಿತ್ತಾಳೆ ಸರಳು ತೂಗಿ ಕೊಟ್ಟ ನಂತರವೇ ಅವನ ವ್ಯಾಪಾರ ಶುರು. ಜಾಮ್‌ನಗರದಲ್ಲಿ ಮೂವತ್ತೊಂದು ವರ್ಷ ಇದು ಒಮ್ಮೆಯೂ ತಪ್ಪಿರಲಿಲ್ಲ.

ಮೊದಲ ವರ್ಷ ಇಬ್ಬರಿಗೂ ಗತಿಯಿರಲಿಲ್ಲ. ಗುಜರಿ ಹಿತ್ತಾಳೆ ಕರಗಿಸಿ ಸರಳು ಎಳೆಯುವ ಓಧವಜಿಗೆ ಒಬ್ಬ ಗಿರಾಕಿಯೂ ಇಲ್ಲ; ಒಂದೇ ಒಂದು ಲೇತ್ ಇಟ್ಟುಕೊಂಡು ನಲ್ಲಿಯ ಬಿಡಿಭಾಗ ಮಾಡುತ್ತಿದ್ದ ವಲ್ಲಭಜಿಗೆ ಕೈಯಲ್ಲಿ ಕಾಸಿಲ್ಲ. ಆದರೂ ಪಂಚಮಿಯ ದಿನ ಗೆಳೆಯ ಬರಿಗೈಯಲ್ಲಿ ಕೂರಬಾರದೆಂದು ವಲ್ಲಭಜಿ ಐದು ಕಿಲೋ ಕೊಂಡ. ಆ ವರ್ಷ ಇಬ್ಬರಿಗೂ ಒಳ್ಳೆಯದಾಯಿತು. ಅಲ್ಲಿಂದ ಮುಂದೆ ಬಿಲ್ ನಂಬರ್ ಒಂದು ವಲ್ಲಭಜಿಯದೇ. ಅವನು ಬರುವುದು ತಡವಾದರೆ ಬಾಗಿಲಲ್ಲಿ ನಿಂತ ದೊಡ್ಡ ಗಿರಾಕಿಯನ್ನೂ ಓಧವಜಿ ಕಾಯಿಸುತ್ತಿದ್ದ.

ಜಿಎಸ್‌ಟಿ ಬಂದಾಗ ಇಬ್ಬರೂ ಸೇರಿಯೇ ಬೈದರು. ಆಮೇಲೆ ವಲ್ಲಭಜಿ ಕಲಿತ. ಕಲಿತ ಅನ್ನುವುದಕ್ಕಿಂತ ಅವನ ಮಗಳು ಧರ್ಮಿಷ್ಠಾ ಕಲಿತಳು. ಅಪ್ಪನ ಕಾರ್ಖಾನೆಯ ಆಫೀಸು ಈಗ ಅವಳದೇ. ಓಧವಜಿಗೂ ಪಾಠ ಹೇಳಿಕೊಟ್ಟವಳು ಅವಳೇ.

"ಕಾಕಾ, ಪಂಚಮಿಗೇ ಹೊಸ ಪುಸ್ತಕ ಬೇಕು ಅಂದ್ರೆ ನಂಬರ್ ಹಿಂದೆ ಬೇರೆ ಅಕ್ಷರ ಹಾಕಿ. ಆದ್ರೆ ಮಧ್ಯ ಒಂದು ನಂಬರೂ ಬಿಟ್ಟು ಹೋಗ್ಬಾರ್ದು. ತಪ್ಪಾದ ಬಿಲ್ಲನ್ನ ಹರಿದು ಹಾಕೋ ಹಾಗಿಲ್ಲ. ಅಡ್ಡಗೀಟು ಹಾಕಿ, ರದ್ದು ಅಂತ ಬರೆದು, ಮೂರೂ ಪ್ರತಿ ಪುಸ್ತಕದಲ್ಲೇ ಇಡಿ."

"ಹರಿಯೋದೂ ಬೇಡ, ಕೊಡೋದೂ ಬೇಡ. ಸತ್ತ ಬಿಲ್ಲನ್ನ ಮನೇಲೇ ಇಟ್ಕೊಂಡು ಪೂಜೆ ಮಾಡಲೇನೇ?" ಎಂದು ಓಧವಜಿ ನಕ್ಕಿದ್ದ.

ಈ ತೆರಿಗೆಯ ಮರ್ಮ ಇಷ್ಟೇ. ಸರಕು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ನೀವು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳಬಹುದು. ಆದರೆ ಮಾರಿದವನು ಆ ಬಿಲ್ಲನ್ನು ಪೋರ್ಟಲ್‌ಗೆ ಹಾಕಿದ್ದರೆ ಮಾತ್ರ. ಪ್ರತಿ ತಿಂಗಳು ಹದಿನಾಲ್ಕಕ್ಕೆ ಒಂದು ಪಟ್ಟಿ ಬರುತ್ತದೆ, ಯಾರ ಬಿಲ್ ಇದೆ ಯಾರದಿಲ್ಲ ಎಂದು ಅದೇ ಹೇಳುತ್ತದೆ. ಮನುಷ್ಯನ ಮುಖ ನೋಡಿ ನಂಬುತ್ತಿದ್ದ ಊರು ಈಗ ಆ ಪಟ್ಟಿ ನೋಡಿ ನಂಬುತ್ತದೆ. ಯಾರನ್ನು ದೂರಿ ಏನು ಬಂತು.

ಏಳು ತಿಂಗಳಿಂದ ಆ ಪಟ್ಟಿಯಲ್ಲಿ ಓಧವಜಿಯ ಒಂದು ಬಿಲ್ಲೂ ಇರಲಿಲ್ಲ.

"ನಾಲ್ಕು ಲಕ್ಷದ ಮೇಲಾಯ್ತು ಬಾಪೂ," ಎಂದಳು ಧರ್ಮಿಷ್ಠಾ, ದೀಪಾವಳಿಗೆ ಎರಡು ದಿನ ಮುಂಚೆ, ಧನತೇರಸದ ದಿನ. "ಕಾಕಾಗೆ ನಾವು ತೆರಿಗೆ ಸೇರಿಸಿಯೇ ಕೊಟ್ಟಿದ್ದೀವಿ. ಅವರು ಕಟ್ಟಿಲ್ಲ. ಈಗ ನಾವೇ ಎರಡನೇ ಸಲ ಕಟ್ಟಬೇಕು. ಇಲಾಖೆಯಿಂದ ಕಾಗದ ಬಂದಿದೆ. ನಮ್ಮ ಸರಕು ಕೊಳ್ಳೋ ಪುಣೆಯವರು ಬೇರೆ, ದಾಖಲೆ ಸರಿ ಇಲ್ಲದಿದ್ರೆ ಆರ್ಡರ್ ಇಲ್ಲ ಅಂತಿದ್ದಾರೆ."

ವಲ್ಲಭಜಿ ಫೋನ್ ಮಾಡಿದ. ಇದು ನಾಲ್ಕನೇ ಸಲ.

"ಹಬ್ಬ ಒಂದು ಕಳೀಲಿ ವಲ್ಲಾ," ಎಂದ ಓಧವಜಿ. ಹಿಂದೆ ಯಾರೋ ಆಸ್ಪತ್ರೆಯಲ್ಲಿ ಹೆಸರು ಕೂಗುತ್ತಿದ್ದದ್ದು ಕೇಳಿಸಿತು. ಓಧವಜಿಯ ಹೆಂಡತಿ ರಂಭಾಬೆನ್‌ಗೆ ಮೂತ್ರಪಿಂಡ ಕೈಕೊಟ್ಟಿದ್ದು, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿದ್ದದ್ದು ವಲ್ಲಭಜಿಗೆ ಗೊತ್ತಿತ್ತು. "ಭಾಭಿ ಹೇಗಿದ್ದಾರೆ" ಎಂದು ಪ್ರತಿ ಸಲ ಕೇಳುತ್ತಿದ್ದ. ದುಡ್ಡಿಗೇನು ಮಾಡ್ತಿದ್ದೀಯ ಎಂದು ಒಂದು ಸಲವೂ ಕೇಳಿರಲಿಲ್ಲ. ಕೇಳಿದರೆ ಕೊಡಬೇಕಾಗುತ್ತಲ್ಲ ಎಂಬ ಹೆದರಿಕೆಯಿತ್ತೋ ಏನೋ, ಅವನಿಗೇ ತಿಳಿಯದು.

ಪಂಚಮಿಗೆ ಎರಡು ದಿನವಿರುವಾಗ ಧರ್ಮಿಷ್ಠಾ, ಬಾಕಿ ಉಳಿಸಿಕೊಂಡ ಮಾರಾಟಗಾರರಿಗೆಲ್ಲ ಕಳಿಸಲು ಒಂದು ಸಂದೇಶ ಸಿದ್ಧ ಮಾಡಿದಳು: ಹಿಂದಿನ ಬಿಲ್ಲುಗಳು ಪೋರ್ಟಲ್‌ನಲ್ಲಿ ಕಾಣುವ ತನಕ ತಮ್ಮಿಂದ ಹೊಸ ಬಿಲ್ ಸ್ವೀಕರಿಸಲಾಗುವುದಿಲ್ಲ.

"ಕಾಕಾಗೂ ಇದನ್ನೇ ಕಳಿಸ್ಲಾ?" ಎಂದು ಕೇಳಿದಳು. "ಅವರಿಗೆ ನೀವೇ ಹೋಗಿ ಹೇಳ್ಬಾರ್ದಾ ಬಾಪೂ? ನಾಳಿದ್ದು ಪಂಚಮಿ."

ಹೋಗಿ ಹೇಳುವ ಎದೆ ವಲ್ಲಭಜಿಗಿರಲಿಲ್ಲ. ಇಲ್ಲದ ಧೈರ್ಯವನ್ನು ಜನ ನಿಯಮದ ಹಿಂದೆ ಮುಚ್ಚಿಡುತ್ತಾರೆ. ಅವನೂ ಅದನ್ನೇ ಮಾಡಿದ.

"ಎಲ್ರಿಗೂ ಒಂದೇ ನಿಯಮ," ಎಂದ. "ಕಳಿಸು."

ಪಂಚಮಿಯ ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ತನ್ನ ಆಫೀಸಿಗೇ ಹೋದ. ಪುಣೆಯವರ ಹೆಸರಲ್ಲಿ ಕಂಪ್ಯೂಟರು ಬಿಲ್ ಅಚ್ಚು ಹಾಕಿಕೊಟ್ಟಿತು. ಅದಕ್ಕೆ ಕುಂಕುಮ ಹಚ್ಚುವಾಗ ಕೈ ಯಾಕೋ ಹಿಂದೆ ಸರಿಯಿತು. ಎಂಟು ಗಂಟೆಗೆ ಫೋನ್ ಬಂತು. ಪರದೆಯ ಮೇಲೆ ಓಧವಜಿಯ ಹೆಸರು. ಬಡಿದುಕೊಂಡು ಬಡಿದುಕೊಂಡು ನಿಂತಿತು. ಒಂಬತ್ತಕ್ಕೆ ಮತ್ತೊಮ್ಮೆ ಬಂತು. ಆಗಲೂ ಅವನು ಎತ್ತಲಿಲ್ಲ. ಎದುರಿಗೆ ಕೂತಿದ್ದ ಮಗಳು ತಟ್ಟೆಯಲ್ಲಿದ್ದ ಪೇಡಾವನ್ನು ಅವನ ಕಡೆ ಸರಿಸಿದಳು. ಅವನು ಅದನ್ನು ಮುಟ್ಟಲಿಲ್ಲ.

ಮೂರನೇ ಸಲ ಫೋನ್ ಬರಲಿಲ್ಲ.

ಹದಿನಾಲ್ಕನೇ ತಾರೀಕು ಮಧ್ಯಾಹ್ನ ಧರ್ಮಿಷ್ಠಾ ಪಟ್ಟಿ ತೆರೆದಳು. ತುಂಬ ಹೊತ್ತು ಅದನ್ನೇ ನೋಡಿ, "ಬಾಪೂ, ಇಲ್ಲಿ ಬನ್ನಿ," ಎಂದಳು.

ಓಧವಜಿಯ ಬಿಲ್ಲುಗಳು. ಏಳು ತಿಂಗಳವೂ ಇದ್ದವು, ಒಂದೂ ಬಿಟ್ಟಿರಲಿಲ್ಲ. ತೆರಿಗೆಯೂ ದಂಡವೂ ಕಟ್ಟದೆ ಇವು ಹೀಗೆ ಸಾಲಾಗಿ ಬರುವುದು ಸಾಧ್ಯವಿರಲಿಲ್ಲ. ಪಕ್ಕದಲ್ಲಿ ಸಲ್ಲಿಸಿದ ದಿನಾಂಕವಿತ್ತು. ಧರ್ಮಿಷ್ಠಾ ಅದರ ಮೇಲೆ ಬೆರಳಿಟ್ಟಳು.

"ಪಂಚಮಿ ಹಿಂದಿನ ದಿನ ಹಾಕಿದ್ದಾರೆ. ಅದನ್ನ ಹೇಳೋಕೇ ಫೋನ್ ಮಾಡಿದ್ರು."

ವಲ್ಲಭಜಿ ಟೋಪಿಯನ್ನೂ ಮರೆತು ಸ್ಕೂಟರ್ ಹತ್ತಿದ. ದಾರಿಯಲ್ಲಿ ಒಂದು ಪೊಟ್ಟಣ ಒಣ ಕಚೋರಿ ಕಟ್ಟಿಸಿಕೊಂಡ. ಓಧವಜಿಗೆ ಅದೆಂದರೆ ಪ್ರಾಣ. ಬಯ್ತಾನೆ, ಬಯ್ಯಲಿ, ಎರಡು ಬಾರಿಸಿದರೂ ಸರಿ, ಆಮೇಲೆ ಒಂದೇ ಲೋಟದ ಚಹಾ ಎರಡು ಬಸಿಗೆ ಸುರಿಯುತ್ತಾನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಕುಲುಮೆ ತಣ್ಣಗಿತ್ತು. ಮೂಸೆಗಳು, ಇಕ್ಕಳಗಳು, ತಕ್ಕಡಿ ಎಲ್ಲ ಹೊರಗೆ ಟೆಂಪೊದೊಳಗೆ ಹೋಗಿದ್ದವು. ಒಳಗೆ ಒಂದು ಮೇಜು, ಅದರ ಹಿಂದೆ ಓಧವಜಿ.

"ಬಾ ವಲ್ಲಾ," ಎಂದ. ಬಯ್ಯಲಿಲ್ಲ. "ಭಾಭಿ ಹೇಗಿದ್ದಾರೆ ಅಂತ ಕೇಳ್ತೀಯಲ್ಲ, ಹಾಗೇ ಇದ್ದಾಳೆ."

"ಏನೋ ಇದು ಓಧಾ? ಸಾಮಾನೆಲ್ಲ ಎಲ್ಲಿಗೆ?"

"ಮಾರಿದೆ. ನಿನ್ನ ತೆರಿಗೆ ದುಡ್ಡು ಅವಳ ಡಯಾಲಿಸಿಸ್‌ಗೆ ಹೋಗಿತ್ತು. ನಿಂದು ತಿಂದು ನಿನ್ನ ಮುಂದೆ ಪುಸ್ತಕ ತೆರೆಯೋದು ಹೇಗೆ? ನೀನು ಬಿಲ್ ಒಂದು ತಗೊಳ್ಳೋವಾಗ ನನ್ನ ಕಡೆಯಿಂದ ಒಂದು ಕಲೆ ಇರ್ಬಾರ್ದು ಅಂತ ಮಾರಿದೆ."

"ನನ್ನ ಕೇಳ್ಬಾರ್ದಿತ್ತೇನೋ? ನಾನು ಕೊಡ್ತಿರಲಿಲ್ವಾ?"

ಉತ್ತರ ಇಬ್ಬರಿಗೂ ಗೊತ್ತಿತ್ತು.

"ಕುಲುಮೆ ಹೋದ್ರೂ ಸರಳು ತಂದು ಮಾರಿ ಹೊಟ್ಟೆ ಹೊರೀಬಹುದು ಅಂದ್ಕೊಂಡಿದ್ದೆ," ಎಂದ ಓಧವಜಿ. "ಪಂಚಮಿ ದಿನ ಐದು ಕಿಲೋ ತೂಗಿ ಇಟ್ಟು ಹನ್ನೆರಡರ ತನಕ ಕೂತಿದ್ದೆ. ಆಮೇಲೆ ಅನ್ನಿಸ್ತು, ಸಾಕು. ಜಿಎಸ್‌ಟಿ ನೋಂದಣಿ ರದ್ದು ಮಾಡೋಕೆ ಅರ್ಜಿ ಹಾಕ್ದೆ. ರಾಜ್‌ಕೋಟ್‌ನಲ್ಲಿ ಅವಳ ಅಣ್ಣ ಇದ್ದಾನೆ, ಅಲ್ಲಿಗೆ ಹೋಗ್ತೀವಿ."

ವಲ್ಲಭಜಿ ಮೇಜಿನ ಮೇಲಿದ್ದ ಬಿಲ್ ಪುಸ್ತಕ ತೆರೆದ. ಮೊದಲ ಹಾಳೆಯಲ್ಲಿ ಕುಂಕುಮದ ಸ್ವಸ್ತಿಕ, ನಂಬರ್ ಒಂದು, ಓಧವಜಿಯ ಗುಂಡಗಿನ ಅಕ್ಷರದಲ್ಲಿ ಅವನ ಹೆಸರು, ಐದು ಕಿಲೋ. ಇಡೀ ಹಾಳೆಯ ಮೇಲೆ ಮೂಲೆಯಿಂದ ಮೂಲೆಗೆ ಒಂದು ಅಡ್ಡಗೀಟು. ರದ್ದು. ಉಳಿದ ಹಾಳೆಗಳೆಲ್ಲ ಖಾಲಿ.

ಅರವತ್ತು ದಾಟಿದ ಗಂಡಸು ಗೆಳೆಯನ ಎದುರು ನಿಂತು ಅತ್ತ. ಓಧವಜಿ ಅವನನ್ನು ತಡೆಯಲಿಲ್ಲ, ಕೂರು ಎಂದೂ ಹೇಳಲಿಲ್ಲ.

"ನಂಬರ್ ಎರಡು ನನ್ನ ಹೆಸರಿಗೆ ಬರಿ ಓಧಾ. ದಮ್ಮಯ್ಯ."

"ಕೊಡೋಕೆ ಸರಕಿಲ್ಲ, ಆ ಐದು ಕಿಲೋನೂ ತಂದಲ್ಲಿಗೇ ವಾಪಸ್ ಕೊಟ್ಟೆ. ಸರಕಿಲ್ಲದ ಬಿಲ್ ಸುಳ್ಳು ಬಿಲ್ ಆಗುತ್ತೆ. ನಿನಗೇ ತೊಂದ್ರೆ."

"ಹಾಗಿದ್ರೆ ಈ ಬಿಳಿ ಹಾಳೆ ಆದ್ರೂ ಕೊಡು. ಗಿರಾಕಿ ಪ್ರತಿ, ನಂದೇ ಅಲ್ವಾ ಅದು? ಗೀಟು ಇದ್ರೂ ಪರವಾಗಿಲ್ಲ, ಇಟ್ಕೋತೀನಿ."

ಓಧವಜಿ ಪುಸ್ತಕವನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡು ಮುಚ್ಚಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ವಲ್ಲಭಜಿ ಬದುಕಿಕೊಳ್ಳುತ್ತಿದ್ದ.

"ರದ್ದಾದ ಬಿಲ್ ಮೂರೂ ಪ್ರತಿ ಪುಸ್ತಕದಲ್ಲೇ ಇರ್ಬೇಕಂತೆ ವಲ್ಲಾ. ನಿನ್ನ ಮಗಳೇ ಹೇಳಿಕೊಟ್ಟಿದ್ದು," ಎಂದ. "ಎಲ್ರಿಗೂ ಅದೇ ನಿಯಮ."

ಹೊರಗೆ ಟೆಂಪೊದವನು ಹಾರ್ನ್ ಹೊಡೆದ. ಓಧವಜಿ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಎದ್ದ. ಕಚೋರಿಯ ಪೊಟ್ಟಣ ಮೇಜಿನ ಮೇಲೆ ಕಟ್ಟಿದ ಹಾಗೇ ಇತ್ತು.