ಮೇಷ್ಟ್ರ ಆಪರೇಷನ್ನಿಗೆ ದುಡ್ಡು

ನಮ್ಮ ಕಸಾಯಿಖಾನೆಗೆ ದಿನಕ್ಕೆ ಇನ್ನೂರು ಕುರಿ ಬರುತ್ತವೆ. ಅವುಗಳಿಗೆ ದಾರಿ ತೋರಿಸಲು ಒಂದು ಹೋತವಿದೆ. ಬೀಜ ಒಡೆಸಿದ, ಗಡ್ಡ ಬಿಟ್ಟ, ಯಾರನ್ನೋ ಫೇಲು ಮಾಡಲು ಹೊರಟಂಥ ಮುಖದ ಹೋತ. ಅವನು ಮುಂದೆ ನಡೆದರೆ ಕುರಿಗಳು ಸಾಲಾಗಿ ಹಿಂದೆ ಬಂದು, ಇಳಿಜಾರಿನ ಹಲಗೆ ಹತ್ತಿ ಒಳಗೆ ಹೋಗುತ್ತವೆ. ಹೊಸ್ತಿಲಲ್ಲಿ ಅವನು ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ನಾನು ಒಂದು ಬಿಸ್ಕತ್ತು ಕೊಡುತ್ತೇನೆ. ಆರು ವರ್ಷದಲ್ಲಿ ಒಳಗೆ ಒಂದು ಹೆಜ್ಜೆ ಇಟ್ಟವನಲ್ಲ. ನಾವೆಲ್ಲ ಅವನನ್ನು ಮೇಷ್ಟ್ರು ಅನ್ನುತ್ತೇವೆ.

ಆ ಬುಧವಾರ ಬೆಳಿಗ್ಗೆ ಮೇಷ್ಟ್ರು ಕಾಲು ಅಗಲಿಸಿ ನಿಂತು ಅರಚುತ್ತಿದ್ದ. ಉಚ್ಚೆಗೆ ಎಷ್ಟು ತಿಣುಕಿದರೂ ಬಂದದ್ದು ಎರಡು ಹನಿ ರಕ್ತ. ಮಾಂಸ ಪರೀಕ್ಷಿಸಿ ಮೊಹರು ಹಾಕುವ ಡಾಕ್ಟರಮ್ಮ ಅವನ ಹೊಟ್ಟೆ ಮುಟ್ಟಿ ನೋಡಿದರು.

"ಮೂತ್ರದ ದಾರೀಲಿ ಕಲ್ಲು ಸಿಕ್ಕಿಕೊಂಡಿದೆ. ನಾಳೆ ಸಂಜೆಯೊಳಗೆ ಆಪರೇಷನ್ ಆಗ್ಬೇಕು. ಇಲ್ಲಾಂದ್ರೆ ಒಳಗೇ ಒಡೆದುಹೋಗುತ್ತೆ."

ಖರ್ಚು ಕೇಳಿದೆ. ಅವರು ಹೇಳಿದ ಮೊತ್ತಕ್ಕೆ ನನ್ನ ನಾಲ್ಕು ತಿಂಗಳ ಸಂಬಳವೂ ಸಾಲದು.

"ಇವತ್ತೇ ಕೊಯ್ದುಬಿಡಿ," ಎಂದ ಮ್ಯಾನೇಜರ್.

"ಇದರ ಮಾಂಸಕ್ಕೆ ನಾನು ಮೊಹರು ಹಾಕಲ್ಲ," ಎಂದರು ಡಾಕ್ಟರಮ್ಮ.

"ಹಂಗಾದ್ರೆ ನಾಳೆ ನಾಲ್ಕು ಗಂಟೆಗೆ ತಲೆಗೆ ಹೊಡೆದು ಗುಂಡಿಗೆ ಹಾಕಿ. ಅಷ್ಟರೊಳಗೆ ಯಾರಾದ್ರೂ ಪುಣ್ಯಾತ್ಮರು ಬಂದು ತಗೊಂಡು ಹೋದ್ರೆ ಹೋಗ್ಲಿ, ನನಗೇನು."

ಮೇಷ್ಟ್ರಿಲ್ಲದೆ ಕೆಲಸ ಶುರುವಾಯಿತು. ಮೊದಲ ಕುರಿ ಹಲಗೆಯ ಬುಡಕ್ಕೆ ಬಂದು ರಕ್ತದ ವಾಸನೆ ಹಿಡಿದು ನಿಂತಿತು. ಹಿಂದಿನವು ಅದರ ಮೇಲೆ ಬಿದ್ದವು. ನಾನು ಪೈಪು ತೆಗೆದುಕೊಂಡೆ. ಬೆನ್ನಿಗೆ ಹೊಡೆದೆ, ಸೊಂಟಕ್ಕೆ ಹೊಡೆದೆ, ಕಿವಿ ಹಿಡಿದು ಎಳೆದೆ. ಒಂದರ ಕಿವಿ ಅರ್ಧ ಕಿತ್ತು ಕೈಗೆ ಬಂತು. ಎರಡು ಕುರಿ ಕಾಲ್ತುಳಿತಕ್ಕೆ ಸಿಕ್ಕಿ ಅಲ್ಲೇ ಸತ್ತವು. ಒಂದು ಟಗರು ತಿರುಗಿಬಿದ್ದು, ಕತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನನ್ನ ಭಾವನ ಪಕ್ಕೆಗೆ ಗುಮ್ಮಿತು. ಭಾವ ಎದ್ದವನೇ ಅದರ ಕತ್ತನ್ನು ಹಲಗೆಯ ಮೇಲೇ ಕೊಯ್ದ. ರಕ್ತ ಹರಿದು ಹಲಗೆ ಜಾರತೊಡಗಿತು, ಉಳಿದವು ಇನ್ನೂ ಹೆದರಿದವು. ಮಧ್ಯಾಹ್ನದ ಹೊತ್ತಿಗೆ ನನ್ನ ತೋಳು ಮೇಲೇಳುತ್ತಿರಲಿಲ್ಲ. ನಾನು ದಯಾಳು ಮನುಷ್ಯನೇನಲ್ಲ. ಆದರೂ ಆ ದಿನ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಊಟ ಬಿಟ್ಟು ಫೋನು ಹಿಡಿದೆ. ಡಾಕ್ಟರಮ್ಮ ಬರೆದುಕೊಟ್ಟ ಮೂರು ನಂಬರುಗಳಿದ್ದವು. ಮೊದಲನೆಯವರು ಮನೆಯಲ್ಲಿ ಸಾಕಿದ ಪ್ರಾಣಿಗೆ ಮಾತ್ರ ಸಹಾಯ ಮಾಡುವವರು. "ಎಲ್ಲಿ ಮಲಗುತ್ತೆ ಸಾರ್, ಹಾಲ್‌ನಲ್ಲಾ?" ಎಂದು ಕೇಳಿದರು. ಎರಡನೆಯವರಿಗೆ ಆಡು ನನ್ನ ಹೆಸರಿನಲ್ಲಿರಬೇಕಿತ್ತು. ಮೂರನೆಯದು ದುಡಿಯುವ ಪ್ರಾಣಿಗಳ ಟ್ರಸ್ಟು. ಗಾಡಿ ಕುದುರೆ, ಹೊರೆ ಹೊರುವ ಕತ್ತೆ, ಇಂಥವಕ್ಕೆ ಅವರು ಪೂರ್ತಿ ಖರ್ಚು ಕೊಡುತ್ತಾರೆ. ಫೋನಿಗೇ ಅರ್ಜಿ ಬಂತು. ಅದರಲ್ಲೊಂದು ಸಾಲು: ಪ್ರಾಣಿ ಮಾಡುವ ಕೆಲಸ. ನಾನು "ಕುರಿ ಮೇಯಿಸಲು ಕರೆದೊಯ್ಯುವುದು" ಎಂದು ಬರೆದೆ.

ಕತ್ತಿ ತೊಳೆಯುತ್ತಿದ್ದ ಭಾವ ಬಗ್ಗಿ ನೋಡಿ ನಕ್ಕ.

"ಬೆಳಿಗ್ಗೆಯಿಂದ ಇಷ್ಟು ಕತ್ತು ಕೊಯ್ದಿದೀನಲ್ಲೋ, ಅದರಲ್ಲಿ ಒಂದಕ್ಕಾದ್ರೂ ಯಾರಿಗಾದ್ರೂ ಫೋನ್ ಮಾಡಿದ್ಯಾ?"

ನನಗೆ ಕೋಪ ಮೂಗಿನ ತುದಿಯಲ್ಲೇ. ಮುಖಕ್ಕೊಂದು ಗುದ್ದಿದೆ. ಭಾವ ತೊಟ್ಟಿಯ ಮೇಲೆ ಬಿದ್ದ, ಎದ್ದು ನನ್ನ ಕತ್ತು ಹಿಡಿದು ಗೋಡೆಗೆ ಅಪ್ಪಳಿಸಿದ. ಇಬ್ಬರೂ ಒದ್ದೆ ನೆಲದ ಮೇಲೆ ಹೊರಳಾಡಿದೆವು. ಕೊನೆಗೆ ಅವನು ಒಂದು ಹಲ್ಲು ಉಗುಳಿದ. ಅವನು ಹೇಳಿದ್ದು ನಿಜವಾಗಿತ್ತು, ಅದಕ್ಕೇ ಹೊಡೆದೆ.

"ನಿಮ್ಮಕ್ಕನಿಗೆ ಏನಂತ ಹೇಳ್ಲಿ ಈಗ?" ಎಂದ ಬಾಯಿ ಒರೆಸಿಕೊಳ್ಳುತ್ತ.

"ಟಗರು ಗುಮ್ತು ಅನ್ನಿ ಭಾವ."

"ನೀನು ಟಗರೇ." ಆಮೇಲೆ ಫೋನಿನ ಕಡೆ ಕೈ ತೋರಿಸಿದ. "ಆ ಸುಳ್ಳು ಅಳಿಸು. ಅವರು ಬಂದಾಗ ಈ ಮಾಂಸದ ಕೊಕ್ಕೆಗಳನ್ನ ಎಲ್ಲಿ ಬಚ್ಚಿಡ್ತೀಯ?"

ಅಳಿಸಿದೆ. "ಕುರಿಗಳನ್ನು ಕೊಯ್ಯುವ ಜಾಗಕ್ಕೆ ಕರೆದೊಯ್ಯುವುದು" ಎಂದು ಬರೆದು ಕಳಿಸಿದೆ.

ಮರುದಿನ ಹನ್ನೊಂದಕ್ಕೆ ಟ್ರಸ್ಟಿನ ಹೆಂಗಸು ಫೋನ್ ಮಾಡಿದರು. ಬೈಗುಳ ತಿನ್ನಲು ತಯಾರಾಗಿದ್ದೆ.

"ನೀವು ಬರೆದಿದ್ದು ನಿಜಾನಾ?"

"ನಿಜ ಅಮ್ಮ."

ಅವರು ಬೈಯಲಿಲ್ಲ. "ಖರ್ಚೆಲ್ಲ ನಾವು ಕೊಡ್ತೀವಿ. ಆದರೆ ಅವನು ಮತ್ತೆ ಆ ಕೆಲಸಕ್ಕೆ ಬರಬಾರದು. ನಮ್ಮಲ್ಲೇ ಇರ್ತಾನೆ. ಒಪ್ಪಿಗೆಯಾದ್ರೆ ಮೂರೂವರೆಗೆ ವ್ಯಾನ್ ಕಳಿಸ್ತೀನಿ."

ಒಪ್ಪಿದೆ. ನಾಲ್ಕರೊಳಗೆ ಒಯ್ಯಬೇಕೆಂಬ ಷರತ್ತಿನ ಮೇಲೆ ಮ್ಯಾನೇಜರನ ಸಹಿಯೂ ಸಿಕ್ಕಿತು.

ವ್ಯಾನು ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ. ಆ ಹೆಂಗಸೇ ಬಂದಿದ್ದರು. ಮೇಷ್ಟ್ರ ಹೊಟ್ಟೆ ಬಿಗಿದು ತಮಟೆಯಾಗಿತ್ತು. "ಎತ್ತಬೇಡಿ, ಕಟ್ಟಿ ಮಲಗಿಸಬೇಡಿ, ಒತ್ತಿದ್ರೆ ಒಡೆಯುತ್ತೆ. ತಾನಾಗೇ ನಡೆದು ಹತ್ತಬೇಕು," ಎಂದರು ಡಾಕ್ಟರಮ್ಮ. ವ್ಯಾನಿನ ಹಿಂದೆ ಹಲಗೆ ಇಳಿಸಿದರು.

ಮೇಷ್ಟ್ರು ನರಳುತ್ತಲೇ ನನ್ನ ಹಿಂದೆ ಹಲಗೆ ಹತ್ತಿದ. ತುದಿಗೆ ಬಂದು ಪಕ್ಕಕ್ಕೆ ಸರಿದು ನಿಂತ. ನಾನು ವ್ಯಾನಿನೊಳಗೆ ನಿಂತು ಬಿಸ್ಕತ್ತು ಚಾಚಿದೆ. ಕತ್ತು ನೀಡಿ ತಿಂದ, ಕಾಲು ಇಡಲಿಲ್ಲ. ಬೇಡಿಕೊಂಡೆ, ಎಳೆದೆ. ಹಲಗೆ ಹತ್ತಿದವರು ಒಳಗೆ ಹೋದರೆ ಏನಾಗುತ್ತದೆಂದು ಅವನಷ್ಟು ಚೆನ್ನಾಗಿ ತಿಳಿದವರು ಯಾರು? ಅತ್ತ ಮ್ಯಾನೇಜರ್ ಗಡಿಯಾರ ನೋಡುತ್ತಿದ್ದ, ಅವನ ಆಳು ಸುತ್ತಿಗೆ ಹಿಡಿದು ನಿಂತಿದ್ದ.

"ಭಾವ, ಕೊಂಬು ಹಿಡ್ಕೊಳ್ಳಿ," ಎಂದು ಕೆಳಗಿಳಿದು ಪೈಪು ಎತ್ತಿಕೊಂಡೆ.

ಮೊದಲ ಏಟು ತೊಡೆಗೆ. ಮೇಷ್ಟ್ರು ತಿರುಗಿ ನೋಡಿದ, ಬೇರೆ ಯಾರೋ ಹೊಡೆದರೆಂದುಕೊಂಡನೇನೋ. ಎರಡನೆಯ ಏಟಿಗೆ ನಾನೇ ಎಂದು ಗೊತ್ತಾಯಿತು. ಮಗು ಚೀರಿದಂತೆ ಚೀರಿದ. ಕಾಲಿಗೆ ಹೊಡೆದೆ, ಬಾಲದ ಬುಡಕ್ಕೆ ಹೊಡೆದೆ, ಚರ್ಮ ಬಿರಿದು ರಕ್ತ ಬಂತು, ಆಮೇಲೂ ಹೊಡೆದೆ. ನಾನು ಅಳುತ್ತಿದ್ದೆ, ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಟ್ರಸ್ಟಿನ ಹೆಂಗಸು ಮುಖ ಮುಚ್ಚಿಕೊಂಡರು. ಹದಿನಾಲ್ಕನೆಯದೋ ಹದಿನೈದನೆಯದೋ ಏಟಿಗೆ ಮೇಷ್ಟ್ರು ಒಳಗೆ ಜಿಗಿದ. ಭಾವ ಬಾಗಿಲು ಹಾಕಿದ.

ಸಂಜೆ ಏಳಕ್ಕೆ ಆ ಹೆಂಗಸಿನ ಫೋನು. ಆಪರೇಷನ್ ಆಗಿದೆ, ಕಲ್ಲು ತೆಗೆದಿದ್ದಾರೆ, ಜೀವಕ್ಕೆ ಭಯವಿಲ್ಲ.

"ಆದರೆ ಎಚ್ಚರ ಆದಾಗಿಂದ ಯಾರನ್ನೂ ಹತ್ತಿರ ಸೇರಿಸ್ತಿಲ್ಲ, ನಡುಗ್ತಿದಾನೆ," ಎಂದರು. "ನಿಮ್ಮ ಕೈಯಿಂದ ಆದ್ರೆ ತಿಂತಾನೇನೋ. ನಾಳೆ ಒಂದು ಸಲ ಬರ್ತೀರಾ?"

"ಬೇಡಮ್ಮ," ಎಂದೆ. "ಅವನ ಕಣ್ಣಿಗೆ ನಾನು ಬೀಳದಿದ್ದರೇ ಅವನು ಬದುಕ್ತಾನೆ."